ಮುಳುಗದ ಸಾಲ

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ಬೆಸ್ತರು ತಲೆಗೊಂದು ಮಾತಾಡತೊಡಗಿದರು.

"ಓರೆ ಮಾಡ್ರೋ! ಎಡಗಡೆ ಎತ್ತಿ!" ಎಂದು ಕೂಗಿದ, ಮುಂದೆ ಹೆಗಲು ಕೊಟ್ಟಿದ್ದ ರೇಬರ್ನ್.

"ಮೆಲ್ಲಗೆ ಕಣೋ," ಒಳಗಿನಿಂದ ಯೂಲಿನ್ ತಮ್ಮನನ್ನು ಗದರಿದಳು. "ಬದುಕಿದ್ದಾಗ್ಲೂ ನಿನ್ನ ಭಾವ ಹೀಗೇ ತಳ್ಳಿಸ್ಕೊಂಡ. ಇವತ್ತೊಂದಿನ ಬಿಟ್ಬಿಡಿ."

ಅವಳ ಗಂಡ ಥಿಯೋಫಿಲ್ ಸತ್ತದ್ದು ದೋಣಿಯಲ್ಲಿ. ಟ್ಯೂನಾ ಮೀನಿನ ಹಗ್ಗ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಒಂದು ಕಾಲಕ್ಕೆ ಆ ದೋಣಿ ಅವನದೇ. ಕೊನೆಯ ವರ್ಷಗಳಲ್ಲಿ ಅದರಲ್ಲೇ ಕೂಲಿಯಾಳಾಗಿದ್ದ.

ಇಗರ್ಜಿಯಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಆನ್ಸ್ ಮಾರೊ ಊರಿನ ಪತ್ತಿನ ಸಂಘದ ಮ್ಯಾನೇಜರ್ ಪಾಸ್ಕಲ್ ಎದ್ದು ನಿಂತರು.

"ಥಿಯೋಫಿಲ್ ನಮ್ಮ ಮಾದರಿ ಸದಸ್ಯ. ಅಷ್ಟು ವರ್ಷದ ಸಾಲದಲ್ಲಿ ಒಂದೇ ಒಂದು ಕಂತು ತಪ್ಪಿಸಿದವನಲ್ಲ."

ಹಿಂದಿನ ಸಾಲಿನ ಹೆಂಗಸರು "ಆಮೆನ್" ಎಂದರು. ಯೂಲಿನ್ ಕೈಯಲ್ಲಿದ್ದ ಬೀಸಣಿಗೆ ನಿಂತುಹೋಯಿತು.

*

ಕೆಲವು ವರ್ಷಗಳ ಹಿಂದೆ, ದೊಡ್ಡ ಚಂಡಮಾರುತ ಬಂದುಹೋದ ಮರುವರ್ಷ, ದೋಣಿಯ ಹಳೆಯ ಎಂಜಿನ್ ಕೆಮ್ಮತೊಡಗಿತ್ತು. ಥಿಯೋಫಿಲ್ ಗಡ್ಡ ಬೋಳಿಸಿ, ಭಾನುವಾರದ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಹೊಸ ಎಂಜಿನ್ನಿಗೆ ಸಾಲ ಕೇಳಲು ಹೋದ.

"ಆಗಲ್ಲ ಥಿಯೋಫಿಲ್," ಎಂದರು ಪಾಸ್ಕಲ್. "ಈಗಿರೋ ಸಾಲಾನೇ ಅನುಮಾನದ ಗುಂಪಿಗೆ ಹಾಕಿದೀವಿ."

"ನಾನ್ಯಾವ ಕಂತು ತಪ್ಪಿಸ್ದೆ ಸರ್?"

"ತಪ್ಪಿಸಿಲ್ಲ. ಮುಂದೆ ತಪ್ಪಿಸಬಹುದು ಅಂತ. ಈ ಕೊಲ್ಲಿಯ ಬೆಸ್ತರಲ್ಲಿ ಅರ್ಧ ಜನರ ದೋಣಿ ಹೋಗಿದೆ. ಸಾಲ ಮುಳುಗೋವರೆಗೂ ಕಾಯೋ ಹಾಗಿಲ್ಲ ಈಗ. ಎಷ್ಟು ಮುಳುಗಬಹುದು ಅಂತ ಮೊದಲೇ ಅಂದಾಜು ಮಾಡಿ, ಲಾಭದಿಂದ ಅಷ್ಟು ತೆಗೆದಿಡ್ಬೇಕು. ಬೆಸ್ತರಿಗೆಲ್ಲ ಒಂದೇ ಲೆಕ್ಕ."

"ನನ್ನ ದೋಣಿ ಹೋಗಿಲ್ವಲ್ಲ! ಗಾಳಿ ಏಳೋಕೆ ಮುಂಚೆ ನಾನು, ಇವಳು ಇಬ್ರೇ ಗುಡ್ಡಕ್ಕೆ ಎಳೆದು ಕಟ್ಟಿದ್ವಿ. ಇವಳ ಅಂಗೈ ನೋಡಿ, ಹಗ್ಗ ಕೊಯ್ದ ಗುರುತು ಇನ್ನೂ ಇದೆ."

ಯೂಲಿನ್ ಕೈ ಚಾಚಿದಳು. ಪಾಸ್ಕಲ್ ನೋಡಲಿಲ್ಲ.

"ಲೆಕ್ಕಕ್ಕೆ ಅದೆಲ್ಲ ಕಾಣಲ್ಲಪ್ಪ."

ಮನೆಯ ಹತ್ತಿರ ಬಂದಾಗ ಥಿಯೋಫಿಲ್ ಹೆಂಡತಿಯನ್ನು ಕೇಳಿದ: "ಹಾಗಾದ್ರೆ ನಾನು ಮುಳುಗಿದವನೇನೇ?"

ಆ ಹಂಗಾಮಿನಲ್ಲೇ ಎಂಜಿನ್ ನಡುನೀರಿನಲ್ಲಿ ಕೈಕೊಟ್ಟಿತು. ಬೇರೆಯವರ ದೋಣಿ ಅವನನ್ನು ದಡಕ್ಕೆ ಎಳೆದು ತಂದಿತು. ಪಟ್ಟಣದ ಸಾಹುಕಾರನೊಬ್ಬ ಬಂದು, ಅರ್ಧ ಬೆಲೆಗೆ ದೋಣಿ ಕೊಂಡ. ಥಿಯೋಫಿಲ್ ಆ ಹಣ ಹಿಡಿದು ನೇರ ಸಂಘಕ್ಕೆ ಹೋಗಿ, ಉಳಿದ ಸಾಲವನ್ನೆಲ್ಲ ಅವಧಿಗೆ ಮುಂಚೆಯೇ ತೀರಿಸಿ ಬಂದ. ಮಾರನೆಯ ವಾರ ಅದೇ ದೋಣಿಯಲ್ಲಿ ಕೂಲಿಗೆ ಹತ್ತಿದ.

*

ಇಗರ್ಜಿಯ ಮೆಟ್ಟಿಲ ಬಳಿ ಯೂಲಿನ್ ಪಾಸ್ಕಲ್ ಅವರನ್ನು ತಡೆದಳು.

"ಸರ್, ಅವನು ಮುಳುಗ್ತಾನೆ ಅಂತ ಹಣ ತೆಗೆದಿಟ್ರಲ್ಲ. ಅವನು ಮುಳುಗಲಿಲ್ಲ. ಆ ಹಣ ಏನಾಯ್ತು?"

"ಅದಾ?" ಪಾಸ್ಕಲ್ ಮುಖ ಹಗುರಾಯಿತು. "ಸಾಲ ತೀರಿದ್ಮೇಲೆ ಅದು ಲಾಭಕ್ಕೇ ವಾಪಸ್ ಬರುತ್ತಮ್ಮ. ಆ ವರ್ಷ ಸಂಘಕ್ಕೆ ಒಳ್ಳೇ ಲಾಭ. ಕ್ರಿಸ್‌ಮಸ್ಸಿಗೆ ನಿಮ್ಮನೆಗೂ ಹಂದಿತೊಡೆ ಕಳಿಸಿದ್ವಲ್ಲ, ನೆನಪಿಲ್ವಾ?"

ನೆನಪಿತ್ತು. ಥಿಯೋಫಿಲ್ ಅದನ್ನು ತಾನೇ ಕೊಯ್ದು ಬಡಿಸಿದ್ದ. 'ನೋಡಿದ್ಯಾ, ಸಂಘದವರು ನಮ್ಮನ್ನ ಮರೆತಿಲ್ಲ' ಎಂದು ನೆರೆಮನೆಗೂ ಒಂದು ತಟ್ಟೆ ಕೊಟ್ಟುಬಂದಿದ್ದ.

"ತಿಂದ್ವಿ ಸರ್," ಎಂದಳು ಯೂಲಿನ್. "ಮೂಳೇನೂ ಬಿಡ್ಲಿಲ್ಲ, ಸಾರು ಮಾಡ್ಕೊಂಡ್ವಿ."

ಪಾಸ್ಕಲ್ ನಕ್ಕು ತಲೆಯಾಡಿಸಿದರು.

ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಣ್ಣು ಹಸಿಯಾಗಿತ್ತು. ಎಲ್ಲರೂ ಗುಂಡಿಗೆ ಒಂದೊಂದು ಹಿಡಿ ಹಾಕಿದರು. ಹೆಂಗಸರು ಯೂಲಿನ್‌ಳ ತೋಳು ಹಿಡಿದು ಇಳಿಜಾರಿನತ್ತ ತಿರುಗಿಸಿದಾಗ, ಪಾಸ್ಕಲ್ ಕಾರಿನ ಬಾಗಿಲು ತೆರೆದು ನಿಂತಿರುವುದು ಕಂಡಿತು. ಎದುರಿಗೆ ಟೋಪಿ ಕೈಯಲ್ಲಿ ಹಿಡಿದು ರೇಬರ್ನ್.

"ಸರ್, ನನ್ನ ಎಂಜಿನ್ ಸಾಲದ ವಿಷಯ..."

"ಇವತ್ತು ಬೇಡಪ್ಪ. ಸೋಮವಾರ ಬಾ, ನೋಡೋಣ."

"ಖಂಡಿತ ಬರ್ತೀನಿ ಸರ್. ನಾನೂ ಭಾವನ ಹಾಗೇನೇ. ಒಂದು ಕಂತೂ ತಪ್ಪಿಸಲ್ಲ."

ಪಾಸ್ಕಲ್ ತಮ್ಮ ಬೂಟಿನತ್ತ ನೋಡಿಕೊಂಡರು. ಸಮಾಧಿಯ ಕೆಂಪುಮಣ್ಣು ದಪ್ಪಗೆ ಮೆತ್ತಿತ್ತು. ರೇಬರ್ನ್ ಥಟ್ಟನೆ ಮಂಡಿಯೂರಿ ತನ್ನ ಕರವಸ್ತ್ರದಿಂದ ಅದನ್ನು ಒರೆಸತೊಡಗಿದ. ಪೆಟ್ಟಿಗೆ ಹೊತ್ತಿದ್ದ ಆ ಹೆಗಲ ಮೇಲೆ ಕೈಯೂರಿ, ಪಾಸ್ಕಲ್ ಇನ್ನೊಂದು ಕಾಲನ್ನೂ ಎತ್ತಿಕೊಟ್ಟರು.