ರಾಹುಕಾಲಕ್ಕೆ ಆಫ್ ಆಗದ ಕಂಪ್ಯೂಟರ್

ಹೊಳೆನರಸೀಪುರದ ಕೋಟೆ ಬೀದಿಯ ಆ ಮನೆಗೆ ಇಲಿ ಸೇರಿಕೊಂಡಿದೆ ಎಂದು ಮೊದಲು ಪತ್ತೆ ಹಚ್ಚಿದವರು ಗೋದಮ್ಮ. ಯಜಮಾನರು ಸಂಧ್ಯಾವಂದನೆಗೆ ಕೂತಾಗಲೋ ಊಟ ಮಾಡಿ ಕಣ್ಣು ಮುಚ್ಚಿದಾಗಲೋ ಮುಂದಿನ ಕೋಣೆಯಿಂದ ಕರಕರ, ಕರಕರ ಎಂದು ಸದ್ದು ಬರುತ್ತಿತ್ತು. ಒಣಕೊಬ್ಬರಿ ಕಡಿದ ಹಾಗೆ. ಗೋದಮ್ಮ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಮೇಜಿನ ಕೆಳಗಿಟ್ಟರು. ಮರುದಿನ ಅದಕ್ಕೆ ಸಿಕ್ಕಿದ್ದು ಯಜಮಾನರ ಕಾಲಿನ ಹೆಬ್ಬೆರಳು.

"ಇಲಿ ಅಲ್ಲ ಕಣೇ ಅದು, ಕಂಪ್ಯೂಟರ್ರು," ಎಂದರು ಸಂಪತ್ಕುಮಾರರು, ಬೆರಳಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತಾ.

ಅವರು ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರಾಗಿ ನಿವೃತ್ತರಾದವರು. ಈಗ ಕಂಪ್ಯೂಟರಿನಲ್ಲಿ ಜಾತಕ ಬರೆದುಕೊಡುತ್ತಿದ್ದರು. ಎರಡು ಸಾವಿರದ ಏಳನೆಯ ಇಸವಿಯ ಮದುವೆ ಕಾಲ ಅದು. ಹೊಸ ಜಾತಕದ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಓಡುವುದಿಲ್ಲ ಎಂದು ತಿಳಿದು, ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿದ್ದ ಮೋಹನ್‌ಕುಮಾರನನ್ನು ಕರೆಸಿ ಹೊಸ ವಿಂಡೋಸ್ ಹಾಕಿಸಿದ್ದರು. ಅವತ್ತಿನಿಂದ ಈ ಸದ್ದು. ಡಬ್ಬದ ಮೇಲಿನ ಪುಟ್ಟ ದೀಪ ಸಮಾಧಾನವೇ ಇಲ್ಲದೆ ಮಿಟುಕುತ್ತಿತ್ತು. ಒಂದು ಕುಂಡಲಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಪಂಡಿತರು ಕೂತು ನಾಲ್ಕು ಅಕ್ಷರ ಒತ್ತಿದರೆ ಸದ್ದು ತಗ್ಗುವುದು, ಅವರು ಎದ್ದರೆ ಮತ್ತೆ ಶುರು. ಮೇಷ್ಟ್ರು ಇರುವಷ್ಟು ಹೊತ್ತು ಸುಮ್ಮನಿದ್ದು, ಬೆನ್ನು ತಿರುಗಿಸಿದರೆ ಗಲಾಟೆ ಮಾಡುವ ಹುಡುಗರನ್ನು ಅವರು ಜೀವಮಾನವೆಲ್ಲ ಕಂಡಿದ್ದರು. ಅದಕ್ಕೇ ಅವರಿಗೆ ಇನ್ನಷ್ಟು ಸಿಟ್ಟು.

ವಿಂಡೋಸ್ ಹಾಕಿಸಿದ ಗಳಿಗೆಗೆ ಕುಂಡಲಿ ಹಾಕಿ ನೋಡಿದರು. ಕಂಪ್ಯೂಟರ್ ನಿಧಾನವಾದ್ದರಿಂದ ಕಾಗದದ ಮೇಲೇ ಹಾಕಿದರು. ಶನಿಯ ದೃಷ್ಟಿ ಇದೆ ಎಂದು ಗೊತ್ತಾಯಿತು. ಪರಿಹಾರಕ್ಕೆ ಮೋಹನ್‌ಕುಮಾರ ಬಂದ.

ಅವನು ಡಬ್ಬಕ್ಕೆ ಕಿವಿ ಕೊಟ್ಟು ಕೇಳಿ ತಲೆ ಆಡಿಸಿದ. "ಆರ್ಡ್ ಡಿಸ್ಕು ಒದ್ದಾಡ್ತಾ ಐತೆ ಸಾ. ಫಾರ್ಮ್ಯಾಟ್ ಮಾಡ್ಬುಡಾನ. ಒಳಗಿರದೆಲ್ಲ ಒಯ್ತದೆ, ಆದ್ರೆ ಮಿಷಿನ್ನು ಒಸದ್ರಂಗೆ ಆಯ್ತದೆ."

"ಜಾತಕ ಎಲ್ಲ ಕಾಗದದಲ್ಲಿವೆ. ಮಾಡಪ್ಪ," ಎಂದರು ಪಂಡಿತರು.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಗೋದಮ್ಮ ಒಳಗೆ ನುಗ್ಗಿದರು. "ಅಕ್ಕನ ಹಾಡು?"

ಅಕ್ಕ ಎಂದರೆ ಅಲಮೇಲು. ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಹಾಸನದಿಂದ ಬಂದು ನಾಲ್ಕು ದಿನ ಇದ್ದಾಗ, ಈ ಕಂಪ್ಯೂಟರಿನ ಮೈಕಿನ ಮುಂದೆ ಕೂತು ಹಸೆಗೆ ಕರೆಯುವ ಹಾಡು ಹಾಡಿದ್ದರು. ಅವರ ದನಿ ಅಂತ ಈ ಭೂಮಿಯ ಮೇಲೆ ಉಳಿದಿರುವುದು ಅಷ್ಟೇ. ಗೋದಮ್ಮ ಅದನ್ನು ಹಾಕಿಸಿ ಕೇಳಿ ಬಹಳ ಕಾಲವಾಗಿತ್ತು. ಆದರೂ ಅದು ಆ ಡಬ್ಬದಲ್ಲಿ ಇದೆ ಎಂಬುದೇ ಅವರಿಗೆ ಒಂದು ಧೈರ್ಯವಾಗಿತ್ತು.

"ನಾಳಿಕೆ ಪೆನ್ ಡ್ರೈವ್ ತತ್ತೀನಿ ಅಮ್ಮಾವ್ರೇ," ಎಂದ ಮೋಹನ್‌ಕುಮಾರ. "ಡಿಸ್ಕು ಈ ಗತೀಲಿ ಇರೋವಾಗ ಗ್ಯಾರಂಟಿ ಕೊಡಾಕಾಗಲ್ಲ. ಬಂದ್ರೆ ಬಂತು."

ಬಂದ್ರೆ ಬಂತು. ಆ ಮಾತು ಗೋದಮ್ಮನಿಗೆ ನೆತ್ತಿಗೇರಿತು. ಅವನು ಆ ಕಡೆ ಹೋದ ತಕ್ಷಣ ಹಾಸನಕ್ಕೆ ಫೋನು ಹಚ್ಚಿದರು. ಅಲಮೇಲುವಿನ ಮಗಳು ಹಂಸ ಅಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು.

ಹಂಸ ಎಲ್ಲ ಕೇಳಿಸಿಕೊಂಡು, "ಕೆಟ್ಟಿರೋ ಹಾಗೆ ಕಾಣಲ್ಲ ಚಿಕ್ಕಮ್ಮ," ಎಂದಳು. "ಹೊಸ ವಿಂಡೋಸ್ ಬಂದ ಮೇಲೆ ಒಳಗೆ ಏನೇನಿದೆ ಅಂತ ಒಂದ್ಸಲ ಎಲ್ಲಾನೂ ತೆಗೆದು ನೋಡಿ ಗುರುತು ಮಾಡ್ಕೊಳ್ಳುತ್ತೆ. ಹೊಸ ಸೊಸೆ ಅಡಿಗೆಮನೆ ಡಬ್ಬ ಎಲ್ಲ ಬಿಚ್ಚಿ ನೋಡಲ್ವಾ, ಹಾಗೆ. ಯಾರೂ ಮುಟ್ಟದೇ ಇರೋವಾಗ ಮಾಡುತ್ತೆ. ಮುಗಿದ ಮೇಲೆ ತಾನೇ ಸುಮ್ಮನಾಗುತ್ತೆ. ನೀವು ಆಫ್ ಎಷ್ಟೊತ್ತಿಗೆ ಮಾಡ್ತೀರಿ?"

"ರಾತ್ರಿ ಮಾಡ್ತಾರೆ. ಊಟಕ್ಕೆ ಎದ್ದಾಗ ಮಾಡ್ತಾರೆ. ಆಮೇಲೆ ರಾಹುಕಾಲಕ್ಕೆ ಮಾಡ್ತಾರೆ."

"ರಾಹುಕಾಲಕ್ಕಾ?" ಹಂಸ ನಗು ತಡೆಯಲಾರದೆ ಹೋದಳು. "ಅದು ಎದ್ದು ಸುಧಾರಿಸ್ಕೊಂಡು ಕೆಲಸಕ್ಕೆ ಕೂರೋ ಹೊತ್ತಿಗೆ ಚಿಕ್ಕಪ್ಪ ಮತ್ತೆ ಮಲಗಿಸ್ತಾರೆ. ಇನ್ನೆಲ್ಲಿ ಮುಗಿಯುತ್ತೆ? ಒಂದು ಹಗಲು ಪೂರ್ತಿ ಬಿಟ್ಟುಬಿಡಿ." ಫೋನಿಡುವ ಮುಂಚೆ, "ಅಮ್ಮನ ಹಾಡು ಹೋಗೋಕೆ ಬಿಡಬೇಡಿ ಚಿಕ್ಕಮ್ಮ," ಎಂದಳು.

ಪಂಡಿತರು ಬಹಳ ಹೇಳಿಸಿಕೊಂಡ ಮೇಲೆ ಒಪ್ಪಿದರು. ಬುಧವಾರ ಒಂದು ಹಗಲು. ಸಂಜೆಗೂ ಸದ್ದು ಇದ್ದರೆ ಮೋಹನ್‌ಕುಮಾರ ಪೆನ್ ಡ್ರೈವ್ ಸಮೇತ ಬಂದು ಫಾರ್ಮ್ಯಾಟ್ ಮಾಡುವುದು.

ಬುಧವಾರ ಬೆಳಕು ಹರಿಯುತ್ತಲೇ ಕಂಪ್ಯೂಟರ್ ಆನ್ ಮಾಡಿಸಿ, ಗೋದಮ್ಮ ಕೋಣೆಯ ಹೊಸ್ತಿಲಿಗೆ ಅಡ್ಡ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಹೆಕ್ಕತೊಡಗಿದರು. ಒಳಗೆ ಕರಕರ ಸಾಂಗವಾಗಿ ನಡೆದಿತ್ತು. ಪಂಡಿತರು ಕನ್ನಡಕಕ್ಕೆಂದು ಬಂದರು. ಕನ್ನಡಕ ಮೂಗಿನ ಮೇಲಿತ್ತು. ಪಂಚಾಂಗಕ್ಕೆಂದು ಬಂದರು. ಅದನ್ನು ಗೋದಮ್ಮ ಮೊದಲೇ ಹೊರಗೆ ತಂದಿಟ್ಟಿದ್ದರು. ಫ್ಯಾನ್ ಆರಿಸಬೇಕು ಎಂದು ಬಂದರು. ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಯಾವುದನ್ನೂ ಅದರ ಪಾಡಿಗೆ ಬಿಟ್ಟು ಗೊತ್ತಿಲ್ಲದ ಮನುಷ್ಯ. ಒಲೆಯ ಮೇಲಿನ ಹುಳಿ ಕುದಿಯುತ್ತಿದ್ದರೆ ಮುಚ್ಚಳ ತೆಗೆದು ನೋಡುವ ಚಟ, ಮದುವೆಯಾದಾಗಿನಿಂದ.

ತನ್ನ ಮಗಳು ಭವ್ಯಶ್ರೀಯ ಜಾತಕಕ್ಕೆಂದು ದಂಡಿಗನಹಳ್ಳಿಯಿಂದ ಬಂದಿದ್ದ ಕೆಂಪಣ್ಣ ಜಗುಲಿಯಲ್ಲೇ ನಿಂತು ಕಿವಿಗೊಟ್ಟ. "ಒಳಗೆ ಯಾರು ಅಮ್ಮಾವ್ರೇ, ರಾಗಿ ಬೀಸ್ತಾವ್ರೆ?"

"ನಾಳೆ ಬಾಪ್ಪ. ಇವತ್ತು ಬೀಸಿ ಮುಗಿಯಲಿ," ಎಂದು ಗೋದಮ್ಮ ಅವನನ್ನು ಕಳಿಸಿದರು.

ಮಧ್ಯಾಹ್ನ ಗಡಿಯಾರ ಹನ್ನೆರಡು ಹೊಡೆಯಿತು. ಬುಧವಾರದ ರಾಹುಕಾಲ. ಪಂಡಿತರು ಹೊಸ್ತಿಲ ಬಳಿ ಬಂದು ನಿಂತರು.

"ಏಳು ಗೋದಾ. ಆಫ್ ಮಾಡ್ಬೇಕು."

"ರಾಹುಕಾಲದಲ್ಲಿ ಹೊಸ ಕೆಲಸ ಶುರು ಮಾಡಬಾರದು ಅಂತ ತಾನೇ ನೀವು ಹೇಳೋದು? ಶುರು ಆಗಿರೋದನ್ನ ನಿಲ್ಲಿಸ್ಬೇಕು ಅಂತ ಎಲ್ಲಿದೆ?"

"ಅದು ಗಳಿಗೆಗೊಂದು ಹೊಸ ಕೆಲಸ ಶುರು ಮಾಡುತ್ತೆ. ಯಂತ್ರದ ಲೆಕ್ಕ ಬೇರೆ. ಏಳು."

ಗೋದಮ್ಮ ಏಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ತಾನಾಗಿ ಬಂತು, ಕೂಗಿಲ್ಲದೆ.

"ಅಕ್ಕನೂ ರಾಹುಕಾಲಕ್ಕೆ ಮುಂಚೇನೇ ಶುರು ಮಾಡಿದ್ಲು. ಎರಡು ನುಡಿ ಆಗಿತ್ತು. ನೀವು ಬಂದು ಆಫ್ ಮಾಡಿದ್ರಿ. ಮಿಕ್ಕಿದ್ದು ಇನ್ನೊಂದ್ಸಲ ಬಂದಾಗ ಹಾಡ್ತೀನಿ ಅಂದ್ಲು. ಬಂದ್ಲಾ?"

ಪಂಡಿತರ ಕೈ ಜನಿವಾರ ಹುಡುಕಿತು. ಆಮೇಲೆ ನಿಧಾನವಾಗಿ ಹೊಸ್ತಿಲಿನ ಈಚೆಗೆ, ನೆಲದ ಮೇಲೆ, ಹೆಂಡತಿಯ ಪಕ್ಕ ಕೂತರು. ಮೊರ ಎಳೆದುಕೊಂಡು ಕಲ್ಲು ಹೆಕ್ಕಲು ತೊಡಗಿದರು. ಕಲ್ಲಿಗಿಂತ ಅಕ್ಕಿಯನ್ನೇ ಹೆಚ್ಚು ಹೊರಗೆ ಎಸೆದರು. ಗೋದಮ್ಮ ಅದನ್ನೂ ಸಹಿಸಿದರು.

ಹುಳಿಗೆ ಒಗ್ಗರಣೆ ಹಾಕಿ ಬರೋಣವೆಂದು ಗೋದಮ್ಮ ಎದ್ದವರು ಹಾಗೇ ನಿಂತರು. ಮನೆ ಬಹಳ ನಿಶ್ಶಬ್ದವಾಗಿತ್ತು. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಒಳಗಿನ ಪುಟ್ಟ ದೀಪ ಮಿಟುಕುವುದು ನಿಂತಿತ್ತು.

"ಸತ್ತುಹೋಯ್ತಾ?" ಎಂದರು ಗೋದಮ್ಮ.

"ಮುಟ್ಟಲಾ?" ಎಂದು ಕೇಳಿದರು ಪಂಡಿತರು. ತಮ್ಮದೇ ಕಂಪ್ಯೂಟರನ್ನು ಮುಟ್ಟಲು ಹೆಂಡತಿಯ ಅಪ್ಪಣೆ ಕೇಳಿದ್ದು ಅದೇ ಮೊದಲು. ಗೋದಮ್ಮ ಹೂಂ ಎಂದರು.

ಪರದೆ ತಟ್ಟನೆ ಬೆಳಗಿತು. ಒತ್ತಿದ್ದು ಒತ್ತಿದ ಕೂಡಲೇ ತೆರೆದುಕೊಂಡಿತು. ಅಲಮೇಲು ಎಂದು ಬರೆದು ಹುಡುಕಿದರು, ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಮರುಗಳಿಗೆಗೆ ಅಕ್ಕನ ದನಿ, ಸ್ವಲ್ಪ ಮೂಗಿನಲ್ಲಿ ಹಾಡುವ ಆ ದನಿ, ಕೋಣೆಯ ತುಂಬ ಹರಡಿತು. ಗೋದಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಎರಡನೆಯ ನುಡಿಯ ಕೊನೆಯಲ್ಲಿ ಬಾಗಿಲ ಸದ್ದು. ಆಮೇಲೆ ಗಂಡಸಿನ ಗಡಸು ದನಿ: "ಸಾಕು ಸಾಕು. ರಾಹುಕಾಲ ಬಂತು." ಅಷ್ಟಕ್ಕೆ ಮುಗಿಯಿತು.

ಪಂಡಿತರು ತಮ್ಮ ದನಿಯನ್ನೇ ಕೇಳಿ ತಲೆ ತಗ್ಗಿಸಿದರು.

"ಮಿಕ್ಕ ನುಡಿ ನಿನಗೆ ಬರುತ್ತಾ?"

"ಬರುತ್ತೆ. ನಮ್ಮಮ್ಮ ಇಬ್ಬರಿಗೂ ಒಟ್ಟಿಗೇ ಹೇಳಿಕೊಟ್ಟಿದ್ದು. ಆದ್ರೆ ನನ್ನ ದನಿ ಅಕ್ಕನ ಥರ ಇಲ್ಲ."

ಅವರು ಮೇಜಿನ ಖಾನೆಯಲ್ಲಿ ತಡಕಾಡಿ ಹಳೆಯ ಮೈಕು ತೆಗೆದರು. ಧೂಳು ಪಂಚೆಗೆ ಒರೆಸಿ, ಅದನ್ನು ಡಬ್ಬದ ಹಿಂದೆ ಸಿಕ್ಕಿಸಿ, ಹೆಂಡತಿಗೆ ಕುರ್ಚಿ ಎಳೆದು ಕೊಟ್ಟರು. ಗೋದಮ್ಮ ಕೂತು ಗಡಿಯಾರದ ಕಡೆ ನೋಡಿದರು. ಪಂಡಿತರೂ ನೋಡಿದರು. ರಾಹುಕಾಲ ಇನ್ನೂ ಅರ್ಧ ಉಳಿದಿತ್ತು.

"ಶುರು ಮಾಡು," ಎಂದರು ಸಂಪತ್ಕುಮಾರರು.