ಕೇಳಿದ್ದೆಲ್ಲ, ಕೈಲಾದದ್ದು

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ಕಿಟಕಿಯಿಲ್ಲ. ಅತಿಥಿಗಳ ಬೆವರು, ತಲೆಯೆಣ್ಣೆ, ಚೆಲ್ಲಿದ ಮದ್ಯ ಎಲ್ಲವೂ ಬ್ಲೀಚಿನಲ್ಲಿ ಬೆಂದು, ಅದರ ಹಬೆ ಒಗೆಯುವ ಹೆಂಗಸರ ಎದೆಗೆ ಇಳಿಯುತ್ತದೆ. ಅಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದವಳ ಕೆಮ್ಮು ಬಂದದ್ದು ಆ ಹಬೆಯಿಂದಲೇ. ಹಬೆ ಬಿಟ್ಟು ಹೊರಗೆ ಬಾರದಿದ್ದರೆ ಎದೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಹೊರಬರುವ ದಾರಿ ಒಂದೇ, ಮೇಲಿನ ಮಹಡಿಗಳಲ್ಲಿ ರೂಮು ಚೊಕ್ಕಟ ಮಾಡುವ ಕೆಲಸ. ಅದಕ್ಕೆ ಇಂಗ್ಲಿಷ್ ಬೇಕು. ಮ್ಯಾನೇಜರನ ಮುಂದೆ ಬಾಯಿ ಬಿಟ್ಟು ಪರೀಕ್ಷೆ ಕೊಡಬೇಕು.

ಕಲಿಸಲು ಬಡಕಲು ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದರು. ಇಸ್ತ್ರಿ ಮೇಜಿನ ಪಕ್ಕದಲ್ಲಿ ನಿಂತೇ ಅವಳ ಪಾಠ. ಹೆಂಗಸರು ಇಬ್ಬಿಬ್ಬರಾಗಿ ಬೆಡ್‌ಶೀಟಿನ ತುದಿ ಹಿಡಿದು ಮಡಚುತ್ತಾ ಕಲಿಯುತ್ತಿದ್ದರು. ಒಬ್ಬಳು ಅತಿಥಿ, ಇನ್ನೊಬ್ಬಳು ಕೆಲಸದವಳು. ಅತಿಥಿಯ ಪಾಲಿಗೆ 'ಯೂ ಮೇ ಆಸ್ಕ್ ವಾಟೆವರ್ ಯೂ ವಾಂಟ್', ಬೇಕಾದ್ದನ್ನೆಲ್ಲ ಕೇಳಬಹುದು. ಕೆಲಸದವಳ ಪಾಲಿಗೆ 'ಐ ಮಸ್ಟ್ ಡೂ ವಾಟೆವರ್ ಯೂ ಆಸ್ಕ್', ಕೇಳಿದ್ದನ್ನೆಲ್ಲ ಮಾಡಲೇಬೇಕು. ವಾಕ್ಯಗಳನ್ನು ಆರಿಸಿ ಕೊಟ್ಟವನು ಮ್ಯಾನೇಜರ್. 'ಬಹುದು' ಅವರಿಗೆ, 'ಬೇಕು' ಇವರಿಗೆ. ಭಾಷೆಯನ್ನೂ ಮಹಡಿ ಮಹಡಿಯಾಗಿ ಹಂಚಿಟ್ಟಿದ್ದ.

ಅತ್ತಿಗೆಯ ಜೊತೆಗೇ ದುಡಿಯುವ ನಾದಿನಿಯನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದದ್ದು ಅವಳ ಬಾಯಲ್ಲಿ ಸಿದ್ಧ. ಅತ್ತಿಗೆಯ ನಾಲಿಗೆಯೇನೂ ಮೊಂಡಲ್ಲ. ಆದರೆ ಆ ವಾಕ್ಯ ಬಂದಾಗಲೆಲ್ಲ ಶೀಟು ಹಿಡಿದು ನಿಂತುಬಿಡುತ್ತಿದ್ದಳು. ಕೇಳಿದ್ದೆಲ್ಲ ಅಂದರೆ ಏನೇನು ಎಂದು ವಿಚಾರಿಸಿದಳು. ಟೀಚರ್ ತಡವರಿಸಿ, ಅದು ಮರ್ಯಾದೆಗೆ ಹೇಳುವ ಮಾತು ಎಂದಳು. ಕಳೆದ ಚಳಿಗಾಲದಲ್ಲಿ ಮೂರನೇ ಮಹಡಿಯಿಂದ ಅಳುತ್ತಾ ಇಳಿದು ಬಂದು, ಮತ್ತೆ ಕೆಲಸಕ್ಕೇ ಬಾರದ ಹುಡುಗಿಯನ್ನು ಅಲ್ಲಿದ್ದ ಯಾರೂ ಮರೆತಿರಲಿಲ್ಲ. ಅತಿಥಿಯ ಮೇಲೇ ದೂರು ಹೇಳುತ್ತೀಯಾ ಎಂದು ಮ್ಯಾನೇಜರ್ ಅವಳನ್ನೇ ಗದರಿದ್ದ.

"ಹೇಳ್ಬಿಡಿ ಅತ್ತಿಗೆ," ಎಂದಳು ಗಿಣಿ. "ಬರೀ ಬಾಯಿಮಾತು. ನಮ್ಮ ಗಂಟೇನು ಹೋಗುತ್ತೆ?"

"ನೀವು ಹೇಳಿದ್ದೆಲ್ಲ ಕೇಳ್ತೀನಿ ಅಂತ ನಿಮ್ಮಣ್ಣಂಗೂ ಬಾಯಿಮಾತಿಗೇ ಹೇಳಿದ್ದು ಕಣೇ. ಅದನ್ನ ಇನ್ನೂ ಒಗೀತಾ ಇದೀನಿ."

ಎಲ್ಲರೂ ನಕ್ಕರು. ಅತ್ತಿಗೆಯ ನಗು ಕೆಮ್ಮಿಗೆ ತಿರುಗಿ ಅವಳನ್ನು ಮೇಜಿನ ಮೇಲೆ ಬಗ್ಗಿಸಿತು. ಸುಧಾರಿಸಿಕೊಂಡ ಮೇಲೆ, ಕೈಲಾದದ್ದನ್ನು ಮಾಡುತ್ತೇನೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲವೇ ಎಂದು ಕೇಳಿದಳು. ಇದೆ ಎಂದ ಟೀಚರ್ ಹೇಳಿಕೊಟ್ಟಳು: 'ಐ ವಿಲ್ ಡೂ ವಾಟ್ ಐ ಕ್ಯಾನ್.'

ಪರೀಕ್ಷೆಯ ದಿನ ಗಿಣಿ ಮ್ಯಾನೇಜರನ ವಾಕ್ಯವನ್ನು ಪಟಪಟ ಒಪ್ಪಿಸಿ ಪಾಸಾದಳು. ಅತ್ತಿಗೆ ತನ್ನದನ್ನು ಹೇಳಿದಳು. ಅದಲ್ಲ, ಇನ್ನೊಂದು ಎಂದ ಮ್ಯಾನೇಜರ್. ಅವಳು ಮತ್ತೆ ಅದನ್ನೇ ಹೇಳಿದಳು. ಸೆರಗು ಬಾಯಿಗೊತ್ತಿ ಕೆಮ್ಮಿ, ಮೂರನೇ ಸಲವೂ ಅದನ್ನೇ ಹೇಳಿದಳು. ಇವಳಿಗೆ ಬಂದಿಲ್ಲವೆಂದು ಬರೆದುಕೊಳ್ಳಲು ಅವನು ಟೀಚರಿಗೆ ಹೇಳಿದ.

ಟೀಚರ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಅವಳ ಅನ್ನವೂ ಅವನ ಕೈಯಲ್ಲೇ ಇತ್ತು.

"ಬಂದಿದೆ ಸಾರ್. ತಪ್ಪೇನಿಲ್ಲ."

"ನಮಗೆ ಬೇಕಾದ್ದು ಇದಲ್ಲ."

"ಇಂಗ್ಲಿಷ್ ಬರುತ್ತಾ ನೋಡಿ ಅಂತ ತಾನೇ ನನ್ನ ಕರೆಸಿದ್ದು? ಬರುತ್ತೆ."

ಗೋಡೆಗೊರಗಿ ನಿಂತಿದ್ದ ಗಿಣಿ ಮುಂದೆ ಬಂದಳು. "ನಂದೂ ಅದನ್ನೇ ಬರ್ಕೊಳ್ಳಿ ಮೇಡಂ. ಆಗ ಹೇಳಿದ್ದು ಬೇಡ." ಅತ್ತಿಗೆಯ ವಾಕ್ಯವನ್ನು ಅವಳೂ ಹೇಳಿದಳು, ಪಟಪಟನೆ ಅಲ್ಲ, ಒಂದೊಂದೇ ಪದವಾಗಿ. ಸಾಲಿನಲ್ಲಿ ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು.

ಮೇಲೆ ಟ್ರಾಲಿಗಳು ತಳ್ಳುವವರಿಲ್ಲದೆ ನಿಂತಿದ್ದವು. ಸಂಜೆಗೆ ರೂಮುಗಳೆಲ್ಲ ಭರ್ತಿಯಾಗುವುದಿತ್ತು. ಮ್ಯಾನೇಜರನಿಗೆ ಬೇಕಾಗಿದ್ದದ್ದು ಕೈಗಳು. ಒಂದು ದೂರು ಬಂದರೂ ವಾಪಸ್ ಕೆಳಗೆ ಎಂದು ಹೇಳಿ ಎಲ್ಲರನ್ನೂ ಮೇಲೆ ಕಳಿಸಿದ. ನಾಳೆಯಿಂದ ಪಾಠ ಬೇಡವೆಂದು ಟೀಚರಿಗೂ ಹೇಳಿದ. ಅವಳು ಚೀಲ ಹೆಗಲಿಗೇರಿಸಿ, ಅತ್ತಿಗೆಯ ತೋಳು ಮುಟ್ಟಿ ಹೋದಳು.

ಮೇಲಿನ ಕಾರಿಡಾರಿನ ಕೊನೆಯಲ್ಲಿ ಕಿಟಕಿಯಿತ್ತು. ಅತ್ತಿಗೆ ಟ್ರಾಲಿ ಬಿಟ್ಟು ಕಿಟಕಿಯ ಚಿಲಕ ತೆಗೆದಳು. ಹತ್ತಿರದ ರೂಮಿನಿಂದ ಯಾರೋ ಚಿಟಿಕೆ ಹೊಡೆದು ಕರೆದರು. ಗಿಣಿ ಗಾಬರಿಯಿಂದ ಅತ್ತಿಗೆಯತ್ತ ನೋಡಿದಳು. ಅತ್ತಿಗೆ ಅವಸರ ಮಾಡಲಿಲ್ಲ. ಎದೆಗೆ ಹಿಡಿಯುವಷ್ಟು ಗಾಳಿ ಎಳೆದುಕೊಂಡು, ಕಿಟಕಿಯನ್ನು ತೆರೆದೇ ಬಿಟ್ಟು ಆ ರೂಮಿನತ್ತ ಹೊರಟಳು.