ಸೇತುವೆಯ ಮೇಲೆ ಕೇಳದೆ ಉಳಿದ ಪ್ರಶ್ನೆ

ನಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುವವರೊಬ್ಬರಿದ್ದಾರೆ. ತಲೆಗೂದಲಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ. ಹಾಗಾಗಿ ಎಲ್ಲರಿಗೂ ಅವರು ಹತ್ತಿಯಣ್ಣ. ಮಾತು ಕಡಿಮೆ. ಯಾರಾದರೂ ಗದರಿದರೆ ಇದ್ದ ಮಾತೂ ಗಂಟಲಲ್ಲೇ ನಿಂತುಬಿಡುತ್ತದೆ.

ಅವತ್ತು ಬೆಳಗ್ಗೆ ಆರು ಗಂಟೆಗೆ ಎಲ್ಲೆಲ್ಲೂ ಮಂಜು. ಹತ್ತಿಯಣ್ಣ ಸೈಕಲ್ಲಿಗೆ ಹತ್ತಿಚೀಲ ಬಿಗಿದು ಹೊಳೆದಂಡೆಯಲ್ಲಿ ಹೊರಟಿದ್ದರು. ಚಕ್ರ ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯದಂಥ ಬಿಳುಪು. ಮೆಟ್ಟಿಲ ಬಳಿ ಕಟ್ಟಿದ್ದ ಹಳೆಯ ದೋಣಿಯಲ್ಲಿ ಅಜ್ಜಿಯೊಬ್ಬರು ಬಿಳಿ ಶಾಲು ಹೊದ್ದು ಕೂತಿದ್ದರು. ಇವರನ್ನು ನೋಡಿ ಕೈ ಬೀಸಿದರು. ಇವರೂ ಬೀಸಿದರು. ಅಷ್ಟರಲ್ಲಿ ಮಂಜು ಮುಚ್ಚಿಕೊಂಡಿತು. ಕಂಡದ್ದು ನಿಜವೋ, ಅರೆನಿದ್ದೆಯ ಕನಸೋ ಎಂದುಕೊಳ್ಳುತ್ತಲೇ ಅವರು ಸೇತುವೆ ಹತ್ತಿದರು.

“ಏಯ್! ನಿಲ್ಲೋ! ಯಾವನೋ ನೀನು?”

ಬಿಳುಪಿನೊಳಗಿಂದ ಇನ್ಸ್‌ಪೆಕ್ಟರ್ ಹೊರಬಂದರು. ಹತ್ತಿಯಣ್ಣ ಗಕ್ಕನೆ ಬ್ರೇಕ್ ಹಿಡಿದು ಸೈಕಲ್ಲಿಂದ ಇಳಿದರು.

“ಚೀಲದಲ್ಲಿ ಏನಿದೆ? ಬಾಯಿ ಬಿದ್ದುಹೋಗಿದೆಯೇನೋ?”

ಲಾಠಿಯ ತುದಿ ತಗಲಿ ಚೀಲ ಹರಿಯಿತು. ಹತ್ತಿ ಎದ್ದು ಮಂಜಿನಲ್ಲಿ ಮಂಜಾಗಿ ತೇಲಿತು. ಹತ್ತಿಯಣ್ಣ ನಡುಗಿದರು. “ನಡುಗ್ತಾನೆ ನೋಡು, ಏನೋ ಮಾಡ್ಕೊಂಡೇ ಬಂದಿದ್ದಾನೆ” ಎಂದು ಇನ್ಸ್‌ಪೆಕ್ಟರ್ ಅವರನ್ನು ಜೀಪು ಹತ್ತಿಸಿದರು.

ಠಾಣೆಯ ಬೆಂಚಿನ ಮೇಲೆ ಎರಡು ಗಂಟೆ. ಯಾರೂ ಏನೂ ಹೇಳಲಿಲ್ಲ. ಎಂಟಕ್ಕೆ ಡ್ಯೂಟಿಗೆ ಬಂದ ಮಹಿಳಾ ಪೇದೆ ಬಾಗಿಲಲ್ಲೇ ನಿಂತರು. ಅವರು ಹತ್ತಿಯಣ್ಣನ ಪಕ್ಕದ ಮನೆಯವರು.

“ಅಣ್ಣಾ, ನೀವಿಲ್ಲಿ? ಯಾಕೆ ಕರ್ಕೊಂಡು ಬಂದ್ರು ಅಂತ ಹೇಳಿದ್ರಾ?”

ಅವರು ತಲೆಯಾಡಿಸಿದರು. ಇಲ್ಲ.

“ಮನೆಗೆ ತಿಳಿಸಿದ್ರಾ?”

ಅದೂ ಇಲ್ಲ. ಪೇದೆ ಒಂದು ಲೋಟ ನೀರು ಕೊಟ್ಟು, ಅವರ ಹೆಂಡತಿಗೆ ಫೋನ್ ಮಾಡಿ, ಪಕ್ಕದಲ್ಲೇ ಕೂತರು. “ಹೆದರ್ಬೇಡಿ. ಒಬ್ರು ಅಜ್ಜಿ ನಸುಕಿನಿಂದ ಕಾಣ್ತಿಲ್ಲ ಅಂತ ನಂಗೂ ಫೋನ್ ಬಂದಿತ್ತು. ಮರೆವು ಜಾಸ್ತಿ ಅವ್ರಿಗೆ. ಅದಕ್ಕೇ ಸೇತುವೆ ಮೇಲೆ ಎಲ್ರನ್ನೂ ನಿಲ್ಲಿಸ್ತಿದ್ರು. ನೀವೇನಾದ್ರೂ ನೋಡಿದ್ರಾ?”

ಹತ್ತಿಯಣ್ಣ ಲೋಟ ಕೆಳಗಿಟ್ಟರು. “ಬಿಳಿ ಶಾಲಾ? ದೋಣೀಲಿ ಕೂತಿದ್ರಲ್ಲ, ತಂಗಿ.”

ಇನ್ಸ್‌ಪೆಕ್ಟರ್ ಕುರ್ಚಿಯಿಂದ ದಿಗ್ಗನೆ ಎದ್ದರು. “ಆಗ್ಲೇ ಯಾಕೋ ಹೇಳ್ಲಿಲ್ಲ?”

“ನೀವು ಕೇಳ್ಲೇ ಇಲ್ಲ, ಸಾರ್.”

ಮೂವರನ್ನೂ ಹೊತ್ತು ಜೀಪು ಹೊಳೆದಂಡೆಗೆ ಓಡಿತು. ದಾರಿಯಲ್ಲಿ ಇನ್ಸ್‌ಪೆಕ್ಟರ್ ಗೊಣಗಿದರು: “ಗದರದಿದ್ರೆ ನಮಗ್ಯಾರಮ್ಮ ಹೆದರ್ತಾರೆ?”

ಪೇದೆ ಮೆಲ್ಲಗೆ ಕೇಳಿದರು: “ಅಜ್ಜಿ ಸಿಗೋಕೆ ಯಾರು ಹೆದರ್ಬೇಕಿತ್ತು, ಸಾರ್?”

ಇನ್ಸ್‌ಪೆಕ್ಟರ್ ಜೀಪಿನ ವೇಗ ಹೆಚ್ಚಿಸಿದರು.

ಮಂಜು ತೆಳುವಾಗುತ್ತಿತ್ತು. ದೋಣಿಯೊಳಗೆ ಮೊಣಕಾಲಿನ ತನಕ ನೀರು ಜಿನುಗಿ ನಿಂತಿತ್ತು. ಅಜ್ಜಿಯ ತುಟಿ ನೀಲಿಗಟ್ಟಿತ್ತು. ಆದರೂ ಇವರನ್ನು ಕಂಡು ನಕ್ಕರು. “ಬನ್ನಿ, ಕೂತ್ಕೊಳ್ಳಿ. ನಿಮಗೋಸ್ಕರಾನೇ ದೋಣಿ ನಿಲ್ಲಿಸಿದ್ದೀನಿ.” ಇನ್ಸ್‌ಪೆಕ್ಟರ್ ಬೂಟು ಸಮೇತ ನೀರಿಗಿಳಿದರು. ತಮ್ಮ ಕೋಟು ಹೊದಿಸಿ ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡರು. ಇನ್ನರ್ಧ ಗಂಟೆ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು.

ಸಂಜೆ ಹತ್ತಿಯಣ್ಣನ ಹೆಂಡತಿ ಸಿಡಿಮಿಡಿಗುಟ್ಟುತ್ತಿದ್ದರು. “ಇನ್ಮೇಲೆ ಏನು ಕಂಡ್ರೂ ಕಾಣ್ಲಿಲ್ಲ ಅನ್ನಿ. ಪೊಲೀಸ್ನೋರ ಸಹವಾಸವೇ ಬೇಡ!”

“ಅತ್ತಿಗೆ, ಹಾಗಂದ್ರೆ ಅಜ್ಜಿ ಸಿಗ್ತಿದ್ರಾ?” ಎಂದರು ಡ್ಯೂಟಿ ಮುಗಿಸಿ ಬಂದಿದ್ದ ಪೇದೆ. “ಇನ್ನೊಂದ್ಸಲ ಯಾರಾದ್ರೂ ತಡೆದ್ರೆ ಓಡ್ಬೇಡಿ, ಜಗಳಾನೂ ಬೇಡ. ಕೈ ಕಾಣೋ ಹಾಗೆ ಇಟ್ಕೊಂಡು ಸಮಾಧಾನವಾಗಿ ಕೇಳಿ: ಯಾಕೆ ನಿಲ್ಲಿಸಿದ್ರಿ? ನಿಮ್ಮ ಹೆಸರೇನು, ಯಾವ ಠಾಣೆ? ಠಾಣೆಗೆ ಕರ್ಕೊಂಡು ಹೋದ್ರೆ, ಮನೆಗೆ ತಿಳಿಸಿ ಅನ್ನಿ, ವಕೀಲರ ಹತ್ರ ಮಾತಾಡ್ಬೇಕು ಅನ್ನಿ. ಕೇಳೋದು ತಪ್ಪಲ್ಲ.”

“ಕೇಳಿದ್ರೆ ಹಲ್ಲು ಉದುರಿಸ್ತಾರೆ ಅಷ್ಟೇ” ಎಂದರು ಹೆಂಡತಿ.

ಆಗ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಪ್ಯಾಂಟಿನ ಮೇಲೆ ಇನ್ನೂ ಹೊಳೆಯ ಕೆಸರು.

“ಒಳಗೆ ಬರಬಹುದಾ?” ಎಂದು ಕೇಳಿದರು. ಬಂದು ಹತ್ತಿಯಣ್ಣನ ಎದುರು ಚಾಪೆಯ ಮೇಲೇ ಕೂತರು. “ತಪ್ಪಾಯ್ತು. ನಿಮ್ಮನ್ನ ಹಾಗೆ ಮಾತಾಡಿಸಬಾರದಿತ್ತು. ಎರಡು ಗಂಟೆ ಆ ಅಜ್ಜಿ ನಡುಗಿದ್ದು ನನ್ನ ನಾಲಿಗೆಯಿಂದ.”

ಹತ್ತಿಯಣ್ಣ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ಹೆಂಡತಿ ಇನ್ಸ್‌ಪೆಕ್ಟರನ್ನು ದಿಟ್ಟಿಸಿ ನೋಡಿದರು. “ಮುಂದಿನ ಸಲ ಏನಾದ್ರೂ ಕಂಡ್ರೆ ಇವ್ರೇ ಬಂದು ಹೇಳ್ತಾರೆ. ನಾನೂ ಜೊತೇಲಿ ಬರ್ತೀನಿ” ಎಂದರು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪೊಲೀಸರು ನಿಮ್ಮನ್ನು ತಡೆದಾಗ ಕಾರಣ ಕೇಳಿ, ಕಂಡದ್ದನ್ನು ಅಳುಕದೆ ಹೇಳಿ. ಅವಮಾನವಾದರೆ ನುಂಗಿಕೊಂಡು ಕೂರಬೇಡಿ. ಮೇಲಧಿಕಾರಿಗೆ ಬರೆದು ದೂರು ಕೊಡಿ. ಖಾಕಿ ತೊಟ್ಟ ತಮ್ಮಂದಿರೇ, ತಂಗಿಯರೇ, ನಾಳೆ ಬೆಳಗ್ಗೆ ನೀವು ನಿಲ್ಲಿಸುವ ಮೊದಲನೆಯವರನ್ನು ‘ನೀವು’ ಎಂದು ಕರೆದು ನೋಡಿ. ಅವರು ಹೇಳುವ ಮಾತಿಗಾಗಿ ಎಲ್ಲೋ ಒಂದು ಜೀವ ಕಾಯುತ್ತಿರಬಹುದು.